ಜಾಮ್ ಆದ ಫ್ಲ್ಯಾಟ್‌ಹೆಡ್ ಬಿಡಿಸೋಕೆ

ವಯಸ್ಸಿನಲ್ಲಿ ಓಡಿಸಿದ ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೆ ಕಾರು) ಮತ್ತೆ ಕೈಗೆ ಸಿಕ್ಕಿದೆ, ಅದರ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ ಮಾತ್ರ ತಿರುಗದೆ ಜಾಮ್ ಅಂದರೆ ಸ್ಟಾರ್ಟರ್ ಮುಟ್ಟಬೇಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್, ಅಸಿಟೋನ್ ಸಮ ಸಮ ಬೆರೆಸಿ ಎಂಟೂ ಸಿಲಿಂಡರ್‌ಗೆ ಸುರಿದು ಒಂದು ವಾರ ಬಿಡಿ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿಯೇ ಸುರಿಯಿರಿ. ಅಸಿಟೋನ್ ಎಣ್ಣೆಯನ್ನು ತೆಳು ಮಾಡಿ ಪಿಸ್ಟನ್ ರಿಂಗ್ ಸಂದಿಗೆ ಇಳಿಸುತ್ತದೆ, ಆಮೇಲೆ ತಾನು ಆರಿಹೋಗುತ್ತದೆ. ನಂತರ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್‌ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಮೆಲ್ಲಗೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಗೆದ್ದ ಹಾಗೆ! ನೀರು ನಿಂತು ತುಕ್ಕು ಗುಂಡಿ ಬಿದ್ದಿದ್ದರೆ ಇದು ನಡೆಯಲ್ಲ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ತೆಗೆಯಲೇಬೇಕು. ಈ ಎಂಜಿನ್‌ನಲ್ಲಿ ವಾಲ್ವ್‌ಗಳೂ ಬ್ಲಾಕ್‌ನಲ್ಲೇ ಇರುತ್ತವೆ ಅಲ್ವಾ, ಹಿಡಿದಿರೋದು ಅವೇ ಆಗಿರಬಹುದು. ಅಸಿಟೋನ್ ಹತ್ತಿರ ಬೆಂಕಿ ಬೇಡ. ಪೇಂಟ್ ಮೇಲೆ ಚೆಲ್ಲಿದರೆ ಅದನ್ನೂ ತಿನ್ನುತ್ತದೆ.