ಮೀನು ಎಣಿಸೋದಕ್ಕೂ ಸಂಬಳ ಕೊಡ್ತಾರಾ ಸರ್?

ಕುಮಟಾ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. 'ಮುಂದೆ ಏನಾಗ್ತೀರಿ?' ಎಂದು ಹತ್ತನೇ ತರಗತಿಯವರಿಂದ ಪ್ರತಿ ವರ್ಷ ಚೀಟಿ ಬರೆಸುತ್ತಿದ್ದೆ. ಡಾಕ್ಟರ್, ಎಂಜಿನಿಯರ್, ಪೊಲೀಸ್, ಟೀಚರ್, ಮಿಲಿಟರಿ. 38 ಚೀಟಿಗೆ ಐದೇ ಉತ್ತರ. ಒಂದು ವರ್ಷ ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ ಭಾಷಣ ಇಡಿಸಿದೆ. ಮರುದಿನ ಆರನೇ ಉತ್ತರ ಸಿಕ್ಕಿತು: ಐಎಎಸ್!

ಹುಡುಗರು ಕಂಡದ್ದನ್ನೇ ತಾನೇ ಬರೆಯುವುದು? ಮರುವರ್ಷ ಚೀಟಿ ಬಿಟ್ಟೆ. ಜೂನ್, ಜುಲೈನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಓಡಾಡತೊಡಗಿದ ಮೇಲೆ ಎಲ್ಲರನ್ನೂ ತದಡಿ ಬಂದರಿಗೆ ಕರೆದುಕೊಂಡು ಹೋದೆ. ಕೊಟ್ಟ ಕೆಲಸ ಒಂದೇ. ಒಂದು ಬಂಗಡೆ ಕಡಲಿನಿಂದ ಹೋಟೆಲಿನ ತಟ್ಟೆಗೆ ಬರುವಷ್ಟರಲ್ಲಿ ಯಾರ್ಯಾರಿಗೆ ದುಡಿಮೆ ಕೊಡುತ್ತದೆ, ಬರೆದುಕೊಂಡು ಬನ್ನಿ. ಕೆಲಸ ಕಲಿತದ್ದು ಹೇಗೆ, ಕಷ್ಟ ಯಾವುದು ಎಂದೂ ಕೇಳಿ. ಸಂಬಳ ಮಾತ್ರ ಕೇಳಬೇಡಿ ಎಂದಿದ್ದೆ. ಎಲ್ಲರೂ ಮೊದಲು ಕೇಳಿದ್ದು ಅದನ್ನೇ.

ಬೋಟು ನಡೆಸುವ ತಾಂಡೇಲ, ಬೋಟಿನ ಕೆಲಸದಾಳು ಖಲಾಸಿ, ಬಲೆ ಹೊಲಿಯುವವರು, ಐಸ್ ಒಡೆಯುವವರು, ಹರಾಜು ಕೂಗುವವರು, ಲಾರಿ ಡ್ರೈವರ್. ಇಷ್ಟು ನಾನೂ ಊಹಿಸಿದ್ದೆ. ಬೋಟಿನ ಜಿಪಿಎಸ್ ರಿಪೇರಿ ಮಾಡುವ ಹುಡುಗ, ವೆಲ್ಡರ್, ವಿಮೆಯವನು, ಲೆಕ್ಕ ಬರೆಯುವವನು ನನಗೆ ಹೊಳೆದಿರಲಿಲ್ಲ. ಒಂದು ಮೂಲೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಬಂದ ಮೀನಿನ ಲೆಕ್ಕ ಹಾಕುತ್ತಿದ್ದರು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು. ಕಾರವಾರದಲ್ಲೂ ಅದರ ಕೇಂದ್ರ ಇದೆ. 'ಮೀನು ಎಣಿಸೋದಕ್ಕೂ ಸಂಬಳ ಕೊಡ್ತಾರಾ ಸರ್?' ಒಬ್ಬ ಹುಡುಗನಿಗೆ ನಂಬಿಕೆಯೇ ಬರಲಿಲ್ಲ. ಅವರು ನಕ್ಕು, ಯಾವ ಮೀನು ಎಲ್ಲಿ ಕಡಿಮೆಯಾಗುತ್ತಿದೆ ಎಂದು ಗೊತ್ತಾಗುವುದೇ ಈ ಲೆಕ್ಕದಿಂದ ಎಂದು ಅರ್ಧ ಗಂಟೆ ವಿವರಿಸಿದರು. ಆ ದಾರಿ ಹಿಡಿಯುವವರಿಗೆ ಮಂಗಳೂರಿನ ಮೀನುಗಾರಿಕೆ ಕಾಲೇಜು ಇದೆ, ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರದ ಎಂಎಸ್ಸಿ ಇದೆ.

ಮುಂದಿನ ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತರು. 'ಮೀನಿನ ಬುಟ್ಟಿ ತಪ್ಪಲಿ ಅಂತ ಮಗಳನ್ನು ಶಾಲೆಗೆ ಕಳಿಸಿದ್ದು. ನೀವು ಅಲ್ಲಿಗೇ ಕರ್ಕೊಂಡು ಹೋಗ್ತೀರಲ್ಲ ಸರ್?' ನನಗೆ ಬಾಯಿ ಕಟ್ಟಿತು. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಕೆಲಸಗಳನ್ನು ತೋರಿಸಿದ್ದೆ, ಅಲ್ಲಿಂದ ಮೇಲೆ ಹತ್ತುವ ಮೆಟ್ಟಿಲು ತೋರಿಸಿರಲಿಲ್ಲ.

ಆಮೇಲೆ ಒಂದು ದೊಡ್ಡ ಹಾಳೆ ಗೋಡೆಗೆ ಅಂಟಿಸಿದೆವು. ಪ್ರತಿ ಕೆಲಸದ ಪಕ್ಕ ಏನು ಓದಬೇಕು, ಎಷ್ಟು ವರ್ಷ, ಸುಮಾರು ಎಷ್ಟು ಖರ್ಚು. ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾದವರು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು ಎಂಬ ಸಾಲಿನ ಮುಂದೆ ಪಾಲಕರು ಜಾಸ್ತಿ ಹೊತ್ತು ನಿಂತರು. ಕೈಗಾ ಅಣು ವಿದ್ಯುತ್ ಸ್ಥಾವರ ಎಂದರೆ ಎಂಜಿನಿಯರುಗಳೇ ಎಂದುಕೊಂಡಿದ್ದವರಿಗೆ ಐಟಿಐ ಫಿಟ್ಟರ್, ಎಲೆಕ್ಟ್ರಿಶಿಯನ್‌ಗಳನ್ನೂ ಸ್ಟೈಪೆಂಡ್ ಕೊಟ್ಟು ತರಬೇತಿಗೆ ತೆಗೆದುಕೊಳ್ಳುತ್ತಾರೆ ಎಂಬುದೇ ಸುದ್ದಿ. ಘಟ್ಟದ ಮೇಲಿಂದ ಬಂದ ಇಬ್ಬರು ಹುಡುಗರು ಶಿರಸಿಯ ಫಾರೆಸ್ಟ್ರಿ ಕಾಲೇಜನ್ನು ತಾವೇ ಸೇರಿಸಿದರು. ಅಡಿಕೆಯದ್ದೂ ಇಂಥದ್ದೇ ಪಟ್ಟಿ ಆಗಬೇಕಿತ್ತು, ಅಷ್ಟರಲ್ಲಿ ಪರೀಕ್ಷೆ ಬಂತು.

ಆ ತಾಯಿಯ ಮಗಳು ಪಿಯುಸಿಗೆ ಕಾಮರ್ಸ್ ತೆಗೆದುಕೊಂಡಳು. ಸೈನ್ಸ್ ಯಾಕೆ ಬೇಡ ಎಂದು ಸುಮ್ನೆ ಕೇಳಿದೆ.

'ತದಡಿಯಲ್ಲಿ ಲೆಕ್ಕ ಬರೀತಿದ್ನಲ್ಲ ಸರ್, ಅವನು ಎರಡು ಕಡೆ ತಪ್ಪು ಕೂಡಿಸಿದ್ದ. ನಾನು ನೋಡಿದೆ.'