ದೀಪಾವಳಿ ಮುಗಿದ ವಾರಾಂತ್ಯಕ್ಕೆ ಒಬ್ಬಟ್ಟಿನ ಸಾರು, ಮೆಣಸಿನ ಸಾರು ಮತ್ತು ಸಂಜೆಗೆ ಎರಡು ಪಾನೀಯ

ಬಲಿಪಾಡ್ಯಮಿ ಕಳೆದ ಮೇಲೆ ಬರುವ ಶನಿವಾರ, ಭಾನುವಾರಗಳಲ್ಲಿ ಬಹುತೇಕ ಮನೆಗಳ ಅಡುಗೆಮನೆ ಒಂದೇ ಸ್ಥಿತಿಯಲ್ಲಿರುತ್ತದೆ. ಫ್ರಿಜ್‌ನಲ್ಲಿ ಒಂದು ಡಬ್ಬ ಹೂರಣ ಮತ್ತು ಒಂದು ಪಾತ್ರೆ ಬೇಳೆಯ ಕಟ್ಟು ಉಳಿದಿರುತ್ತವೆ, ಸ್ಟೀಲ್ ಡಬ್ಬಗಳಲ್ಲಿ ಚಕ್ಕುಲಿ, ಕೋಡುಬಳೆ, ಕಜ್ಜಾಯಗಳು ಅರ್ಧಕ್ಕೆ ಇಳಿದಿರುತ್ತವೆ. ನೀರು ತುಂಬುವ ಹಬ್ಬದಿಂದ ಹಿಡಿದು ಸಿಹಿ ಮತ್ತು ಕರಿದ ತಿಂಡಿ ತಿಂದ ಮನೆಮಂದಿಗೆ ಊಟದ ಮೇಲೆ ಅಷ್ಟೇನೂ ಮನಸ್ಸಿರುವುದಿಲ್ಲ; ಅಡುಗೆ ಮಾಡಿದವರಿಗಂತೂ ಮತ್ತೆ ಒಲೆಯ ಮುಂದೆ ನಿಲ್ಲುವ ಉತ್ಸಾಹವೇ ಇರುವುದಿಲ್ಲ. ಅಂಥ ಸಮಯದಲ್ಲಿ ಹೋಟೆಲಿನಿಂದ ತರಿಸುವುದು ಸುಲಭವೇನೋ ಹೌದು, ಆದರೆ ಎಣ್ಣೆಯಿಂದ ಬೇಸತ್ತ ಹೊಟ್ಟೆಗೆ ಇನ್ನಷ್ಟು ಎಣ್ಣೆಯನ್ನೇ ಸುರಿದಂತಾಗುತ್ತದೆ. ಈ ಎರಡು ದಿನಗಳಲ್ಲಿ ಹೊಸ ಅಡುಗೆ ಎಂದು ಏನನ್ನೂ ಹಚ್ಚಿಕೊಳ್ಳದೆ, ಉಳಿದದ್ದನ್ನೇ ಹುಳಿಯ ಕಡೆಗೆ ಮತ್ತು ಮೆಣಸಿನ ಕಡೆಗೆ ತಿರುಗಿಸುವುದು ಜಾಣತನ. ಸಂಜೆ ಗ್ಲಾಸಿಗೆ ಏನಾದರೂ ಹಾಕಿಕೊಳ್ಳುವ ಅಭ್ಯಾಸವಿದ್ದವರಿಗೂ ಇದೇ ನಿಯಮ ಹೊಂದುತ್ತದೆ: ಸಕ್ಕರೆ ಕಡಿಮೆ, ಹುಳಿ ಮತ್ತು ಘಾಟು ಹೆಚ್ಚು.

ಶನಿವಾರದ ಮಧ್ಯಾಹ್ನಕ್ಕೆ ಒಬ್ಬಟ್ಟಿನ ಸಾರಿಗೆ ಮಿಗಿಲಾದದ್ದು ಇನ್ನೊಂದಿಲ್ಲ. ಹೂರಣಕ್ಕಾಗಿ ಬೇಳೆ ಬೇಯಿಸುವಾಗ ನೀರನ್ನು ಧಾರಾಳವಾಗಿ ಇಟ್ಟು, ಬೇಳೆ ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವ ಹದಕ್ಕೆ ಬಂದೊಡನೆ ಬಸಿದು, ಆ ಕಟ್ಟನ್ನು ತಣಿಸಿ ಫ್ರಿಜ್‌ನಲ್ಲಿ ಇಟ್ಟಿದ್ದರೆ ಅರ್ಧ ಕೆಲಸ ಹಬ್ಬದ ದಿನವೇ ಮುಗಿದಂತೆ. ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ತೊಗರಿಬೇಳೆಯ ಕಟ್ಟು ಇರುತ್ತದೆ, ಉತ್ತರ ಕರ್ನಾಟಕದಲ್ಲಿ ಕಡಲೆಬೇಳೆಯದು. ಎರಡೂ ಸಾರಿಗೆ ಒದಗುತ್ತವೆ, ಕಡಲೆಬೇಳೆಯ ಕಟ್ಟು ಮಾತ್ರ ಸ್ವಲ್ಪ ತೆಳುವಾಗಿ, ಹೆಚ್ಚು ಸಿಹಿಯಾಗಿ ಬರುತ್ತದೆ. ಎರಡು ದಿನಕ್ಕಿಂತ ಹಳೆಯದಾದ ಕಟ್ಟನ್ನು ಮೂಸಿ ನೋಡಿ, ಸ್ವಲ್ಪ ಹುಳಿ ವಾಸನೆ ಬಂದರೂ ಮುಲಾಜಿಲ್ಲದೆ ಚೆಲ್ಲಬೇಕು. ಕಟ್ಟು ಉಳಿದೇ ಇಲ್ಲವೆಂದರೆ ಅರ್ಧ ಲೋಟ ತೊಗರಿಬೇಳೆಯನ್ನು ನಾಲ್ಕು ಲೋಟ ನೀರಿನಲ್ಲಿ ಬೇಯಿಸಿ ಅದನ್ನೇ ಬಳಸಬಹುದು. ರುಚಿ ಒಂದು ಮಟ್ಟ ಕೆಳಗಿರುತ್ತದೆಯೇ ಹೊರತು ಸಾರು ಕೆಡುವುದಿಲ್ಲ.

ನಾಲ್ಕೈದು ಜನರಿಗೆ ಸುಮಾರು ಒಂದು ಲೀಟರ್ ಕಟ್ಟು ಸಾಕು. ಒಂದು ಚಮಚ ಎಣ್ಣೆಯಲ್ಲಿ ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಬೆರಳಿನ ಅರ್ಧದಷ್ಟು ಚಕ್ಕೆ, ಎರಡು ಲವಂಗ ಮತ್ತು ಐದಾರು ಬ್ಯಾಡಗಿ ಮೆಣಸಿನಕಾಯಿಗಳನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಕೊತ್ತಂಬರಿ ಬೀಜದ ಘಮ ಏಳುತ್ತಿದ್ದಂತೆ ಅರ್ಧ ಲೋಟ ತೆಂಗಿನ ತುರಿಯನ್ನು ಅದೇ ಬಾಣಲೆಗೆ ಹಾಕಿ, ಒಲೆ ಆರಿಸಿ, ಬಾಣಲೆಯ ಬಿಸಿಯಲ್ಲೇ ತಿರುವಿ, ನಂತರ ನಿಂಬೆ ಗಾತ್ರದ ಹೂರಣವನ್ನೂ ಸೇರಿಸಿ ನುಣ್ಣಗೆ ರುಬ್ಬಬೇಕು. ಹೂರಣವನ್ನು ಸಾರಿಗೆ ನೇರವಾಗಿ ಕದಡುವವರಿದ್ದಾರೆ. ಹಾಗೆ ಮಾಡಿದರೆ ಅದು ಗಂಟುಗಂಟಾಗಿ ತಳಕ್ಕೆ ಇಳಿಯುತ್ತದೆ, ಮಸಾಲೆಯೊಂದಿಗೆ ರುಬ್ಬಿದರೆ ಸಾರಿಗೆ ಮೈ ಬರುತ್ತದೆ. ಉತ್ತರ ಕರ್ನಾಟಕದ ಕಟ್ಟಿನ ಸಾರಿಗೆ ಹಸಿ ತೆಂಗಿನ ಬದಲು ಒಣಕೊಬ್ಬರಿ ಹೊಂದುತ್ತದೆ. ಹಬ್ಬದ ಮಡಿ ಮುಗಿದಿರುವುದರಿಂದ ಒಂದು ಈರುಳ್ಳಿಯನ್ನೂ ನಾಲ್ಕು ಎಸಳು ಬೆಳ್ಳುಳ್ಳಿಯನ್ನೂ ಹುರಿದು ರುಬ್ಬಿಕೊಳ್ಳಲು ಅಡ್ಡಿಯಿಲ್ಲ, ಮತ್ತು ಈ ಸಾರಿಗೆ ಬೆಳ್ಳುಳ್ಳಿ ಬೇಕೇ ಬೇಕು ಎನ್ನುವವರ ಪಕ್ಷ ನನ್ನದು.

ಒಂದು ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣಿನ ರಸವನ್ನು ಉಪ್ಪು, ಅರಿಶಿನ, ಒಂದೆರಡು ಎಳೆ ಕರಿಬೇವಿನೊಂದಿಗೆ ಮೊದಲು ಐದು ನಿಮಿಷ ಕುದಿಸಿ ಹಸಿ ವಾಸನೆ ಹೋಗಲಾಡಿಸಿದ ಮೇಲೆ ಮಾತ್ರ ಕಟ್ಟನ್ನೂ ರುಬ್ಬಿದ ಮಸಾಲೆಯನ್ನೂ ಸೇರಿಸಬೇಕು. ಇಲ್ಲಿಂದ ಮುಂದೆ ಒಲೆಯ ಹತ್ತಿರವೇ ಇರಿ. ಮೊದಲು ಪಾತ್ರೆಯ ಅಂಚಿನ ಸುತ್ತ ಸಣ್ಣ ನೊರೆ ಕಟ್ಟುತ್ತದೆ, ಅದು ನಿಧಾನವಾಗಿ ನಡುವಿಗೆ ಸರಿದು ಇಡೀ ಸಾರಿನ ಮೇಲೆ ಕಂದು ಬಣ್ಣದ ಹೊದಿಕೆಯಂತೆ ಹರಡುತ್ತದೆ, ಮರುಕ್ಷಣವೇ ಉಕ್ಕಿ ಬರುತ್ತದೆ. ತಿಳಿಸಾರಾದರೆ ಅಲ್ಲಿಗೇ ಇಳಿಸಬೇಕು. ಇದು ತೆಂಗಿನ ಮಸಾಲೆಯ ಸಾರಾದ್ದರಿಂದ ಉರಿ ತಗ್ಗಿಸಿ ಇನ್ನೂ ಹತ್ತು ನಿಮಿಷ ಮರಳಲು ಬಿಡಬೇಕು. ಆಗ ನೊರೆ ತಾನಾಗಿ ಅಡಗಿ, ಮೇಲೆ ಎಣ್ಣೆಯ ಸಣ್ಣ ಕಣ್ಣುಗಳು ತೇಲುತ್ತವೆ, ಅದೇ ಹದ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸಿ ಒಗ್ಗರಣೆ ಕೊಟ್ಟು ಮುಚ್ಚಿಡಿ. ರುಚಿ ನೋಡಿದಾಗ ಮೊದಲು ಹುಳಿ, ಆಮೇಲೆ ಖಾರ, ಕೊನೆಗೆ ಹೂರಣದ ಬೆಲ್ಲ ನಾಲಿಗೆಗೆ ಸಿಗಬೇಕು. ಬೆಲ್ಲವೇ ಮೊದಲು ಸಿಕ್ಕರೆ ಇನ್ನಷ್ಟು ಹುಣಸೆ ರಸ ಬೇಕೆಂದು ಅರ್ಥ.

ಈ ಸಾರು ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು ರುಚಿ ಎಂಬುದು ಎಲ್ಲರ ಅನುಭವ. ಹುಳಿ, ಬೆಲ್ಲ ಮತ್ತು ಮಸಾಲೆಗಳು ಒಂದರೊಳಗೊಂದು ಬೆರೆತುಕೊಳ್ಳಲು ಸಮಯ ಬೇಕಾಗುತ್ತದೆ. ಆದ್ದರಿಂದ ಶನಿವಾರ ಬೆಳಿಗ್ಗೆಯೇ ತುಸು ಹೆಚ್ಚಿಗೆ ಮಾಡಿ, ಆರಿದೊಡನೆ ಫ್ರಿಜ್‌ಗೆ ಸೇರಿಸಿ, ಭಾನುವಾರ ಬೇಕಾದಷ್ಟನ್ನು ಮಾತ್ರ ಚೆನ್ನಾಗಿ ಕುದಿಸಿಕೊಳ್ಳುವುದು ಒಳ್ಳೆಯದು. ಬಿಸಿ ಅನ್ನ, ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಹುರಿದ ಹಪ್ಪಳ ಇದ್ದರೆ ಪಲ್ಯದ ಗೋಜೇ ಬೇಡ. ಮುದ್ದೆ ಉಣ್ಣುವವರು ಮುದ್ದೆಯನ್ನೇ ಮಾಡಿಕೊಳ್ಳಲಿ. ಹಬ್ಬದ ವಾರದಲ್ಲಿ ಅದು ಮೂಲೆಗೆ ಸರಿದಿರುವುದರಿಂದ ರಾತ್ರಿಯ ಊಟಕ್ಕೆ ಅದರಷ್ಟು ಹಿತವಾದದ್ದು ಬೇರೆ ಇರುವುದಿಲ್ಲ.

ಹೊಟ್ಟೆ ಇದನ್ನೂ ಒಲ್ಲದಿದ್ದರೆ ಮೆಣಸಿನ ಸಾರು ಇದ್ದೇ ಇದೆ. ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ತರಿತರಿಯಾಗಿ ಕುಟ್ಟಿ, ತುಪ್ಪದಲ್ಲಿ ಅರೆಕ್ಷಣ ಬಾಡಿಸಿ, ಮೂರು ಲೋಟ ತೆಳು ಹುಣಸೆ ನೀರು ಮತ್ತು ಉಪ್ಪು ಹಾಕಿ, ನೊರೆ ಉಕ್ಕಿದೊಡನೆ ಇಳಿಸಿದರೆ ಆಯಿತು. ಮೆಣಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದರೆ ಸಾರು ಕಪ್ಪಾಗಿ ಗಂಟಲಿಗೆ ಕಟುವಾಗುತ್ತದೆ, ಆದ್ದರಿಂದ ಕುಟ್ಟಾಣಿಯೇ ಇರಲಿ.

ಉಳಿದ ಅನ್ನದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇಯಿಸಿದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬದುಕುಳಿದಿರಬಹುದು. ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟಾಗ ಅವು ಬೆಳೆದು ಉಂಟುಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಮನೆ ತುಂಬ ನೆಂಟರಿದ್ದ ದಿನ ಅನ್ನದ ಪಾತ್ರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಕಟ್ಟೆಯ ಮೇಲೇ ಉಳಿಯುವುದುಂಟು, ಅಂಥದ್ದನ್ನು ಚಿತ್ರಾನ್ನ ಮಾಡಲು ಹೋಗಬೇಡಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಿದ ಅನ್ನವಾದರೆ ಚಿತ್ರಾನ್ನಕ್ಕೂ ಮೊಸರನ್ನಕ್ಕೂ ಬಳಸಬಹುದು. ಮೊಸರನ್ನದ ಮೇಲೆ ಉಳಿದ ಚಕ್ಕುಲಿಯನ್ನು ಕೈಯಿಂದ ಪುಡಿಮಾಡಿ ಉದುರಿಸಿ ನೋಡಿ. ಮೆತ್ತಗಾದ ಚಕ್ಕುಲಿ, ಕೋಡುಬಳೆಗಳನ್ನು ಎಸೆಯಬೇಕಾಗಿಲ್ಲ: ಎಣ್ಣೆಯಿಲ್ಲದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಐದು ನಿಮಿಷ ಹೊರಳಿಸಿ, ಪೂರ್ತಿ ಆರಿಸಿದ ಮೇಲೆ ಡಬ್ಬಕ್ಕೆ ತುಂಬಿದರೆ ಎಳೆದುಕೊಂಡ ತೇವವೆಲ್ಲ ಹೋಗಿ ಮತ್ತೆ ಗರಿಗರಿಯಾಗುತ್ತವೆ.

ಇನ್ನು ಸಂಜೆಯ ವಿಷಯ. ಹಬ್ಬದ ದಿನಗಳಲ್ಲಿ ಮದ್ಯವನ್ನು ಮನೆಯೊಳಗೆ ತರದವರೂ ವಾರಾಂತ್ಯಕ್ಕೆ ಸ್ನೇಹಿತರೊಂದಿಗೆ ಕೂರುವುದುಂಟು. ಬಲಿಪಾಡ್ಯಮಿಯಿಂದ ಕಾರ್ತಿಕ ಮಾಸ ಶುರುವಾಗುವುದರಿಂದ ತಿಂಗಳಿಡೀ ಮಾಂಸ, ಮದ್ಯ ಬಿಡುವವರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಬಗೆಯವರು ಇರುವಾಗ ಪಾಲಿಸಬೇಕಾದ ಕ್ರಮ ಸರಳವಾದದ್ದು: ಪಾನೀಯವನ್ನು ಮದ್ಯವಿಲ್ಲದೆ ದೊಡ್ಡ ಪಾತ್ರೆಯಲ್ಲಿ ಸಿದ್ಧಪಡಿಸಿ, ಮದ್ಯವನ್ನು ಬೇಕಾದವರ ಗ್ಲಾಸಿಗೆ ಮಾತ್ರ ಅಳೆದು ಹಾಕಬೇಕು. ಜಗ್ಗಿಗೆ ಬೆರೆಸಿಟ್ಟರೆ ಅದು ಮಕ್ಕಳ ಕೈಗೋ ವ್ರತದಲ್ಲಿರುವ ಅಜ್ಜಿಯ ಕೈಗೋ ಸಿಗುವ ಸಾಧ್ಯತೆ ಇದ್ದೇ ಇರುತ್ತದೆ, ಜೊತೆಗೆ ಯಾರು ಎಷ್ಟು ಕುಡಿದರು ಎಂಬ ಲೆಕ್ಕವೂ ತಪ್ಪುತ್ತದೆ.

ಹಿಂಗಾರಿನ ಜಿಟಿಜಿಟಿ ಮಳೆಯ ಸಂಜೆಗೆ ಶುಂಠಿ ಕಷಾಯದ ರಮ್ ಹೇಳಿ ಮಾಡಿಸಿದ್ದು. ಎರಡು ಗ್ಲಾಸಿಗೆ 400 ಮಿ.ಲೀ. ನೀರು, ಜಜ್ಜಿದ ಒಂದು ಇಂಚು ಹಸಿ ಶುಂಠಿ, ಬಿರಿಯುವಷ್ಟು ಮಾತ್ರ ಕುಟ್ಟಿದ ಎಂಟು ಕಾಳುಮೆಣಸು, ಎರಡು ಲವಂಗ, ಒಂದು ಚೂರು ಚಕ್ಕೆ ಮತ್ತು ಎರಡು ಚಮಚ ಬೆಲ್ಲದ ಪುಡಿಯನ್ನು ಕುದಿಸಿ, ನೀರು 300 ಮಿ.ಲೀ.ಗೆ ಇಳಿದಾಗ ಶೋಧಿಸಬೇಕು. ಕಷಾಯವನ್ನು ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಆರಿದ ಮೇಲೆಯೇ ಪ್ರತಿ ಗ್ಲಾಸಿಗೆ 45 ಮಿ.ಲೀ. ಕಪ್ಪು ರಮ್ ಹಾಕಿ ಅದರ ಮೇಲೆ ಸುರಿದು, ಅರ್ಧ ಚಮಚ ನಿಂಬೆರಸ ಹಿಂಡಬೇಕು. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ರಮ್ ಅನ್ನು ಪಾತ್ರೆಗೇ ಸುರಿದು ಕುದಿಸಿದರೆ ಅದರ ಪರಿಮಳ ಗಾಳಿಗೆ ಹೋಗುತ್ತದೆ, ಗ್ಯಾಸ್ ಒಲೆಯ ಮುಂದೆ ಅದರ ಆವಿಗೆ ಬೆಂಕಿ ತಗಲುವ ಅಪಾಯವೂ ಇದೆ. ಸ್ಟೀಲ್ ಲೋಟ ತುಟಿ ಸುಡುತ್ತದೆ, ತೆಳು ಗಾಜು ಸೀಳುತ್ತದೆ. ಕಾಫಿ ಕುಡಿಯುವ ದಪ್ಪ ಪಿಂಗಾಣಿ ಮಗ್ ಸಾಕು. ನಮ್ಮಲ್ಲಿ ರಮ್ ಅನ್ನು ಹೆಚ್ಚಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸುತ್ತಾರೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತಯಾರಿಸುವ ಟೂ ಇಂಡೀಸ್ ರಮ್‌ನಲ್ಲಾದರೆ ಕೆರಿಬಿಯನ್ ಪ್ರದೇಶದ ರಮ್ ಜೊತೆಗೆ ಬೆಲ್ಲದಿಂದ ಇಳಿಸಿದ್ದೂ ಸೇರಿರುತ್ತದೆ. ಯಾವುದಾದರೂ ನಡೆಯುತ್ತದೆ, ದುಬಾರಿಯದನ್ನು ಶುಂಠಿ, ಮೆಣಸಿನಲ್ಲಿ ಮುಳುಗಿಸುವುದು ಮಾತ್ರ ನಷ್ಟವೇ. ಇದರ ಜೊತೆಗೆ ಕೋಡುಬಳೆ ಒಳ್ಳೆಯದು. ಸಿಹಿ ಇನ್ನೂ ಸಾಕೆನಿಸಿರದವರು ಕಜ್ಜಾಯದ ಒಂದು ಚೂರನ್ನು ಇಟ್ಟುಕೊಳ್ಳಬಹುದು, ಎರಡೂ ಕಬ್ಬಿನ ಸಂತಾನವಾದ್ದರಿಂದ ಚೆನ್ನಾಗಿ ಒಗ್ಗುತ್ತವೆ. ಆದರೆ ಇದನ್ನು ನೆಗಡಿಯ ಔಷಧಿ ಎಂದು ಯಾರಿಗೂ ಕೊಡಬೇಡಿ. ಗಂಟಲಿಗೆ ಹಿತವೆನಿಸುವುದು ಕಷಾಯದ ಗುಣ, ಅದಕ್ಕೆ ರಮ್ ಬೇಕಾಗಿಲ್ಲ.

ತಣ್ಣನೆಯದೇ ಬೇಕೆನ್ನುವವರಿಗೆ ಮುರುಗಲು, ಅಂದರೆ ಮಂಗಳೂರಿನ ಕಡೆಯವರ ಪುನರ್ಪುಳಿ, ತಕ್ಕ ಆಯ್ಕೆ. ಹನ್ನೆರಡು ಒಣ ಸಿಪ್ಪೆಗಳನ್ನು ತೊಳೆದು 300 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ, ಅದೇ ನೀರಿನಲ್ಲಿ ಕೈಯಿಂದ ಹಿಚುಕಿ ಶೋಧಿಸಿದರೆ ದಟ್ಟ ಕೆಂಪು ರಸ ಸಿಗುತ್ತದೆ. ಅದಕ್ಕೆ ಎರಡು ಚಮಚ ಸಕ್ಕರೆ, ಕಾಲು ಚಮಚ ಹುರಿದ ಜೀರಿಗೆ ಪುಡಿ ಬೆರೆಸಿ ಫ್ರಿಜ್‌ನಲ್ಲಿಡಿ. ಸಿಪ್ಪೆಗಳಿಗೆ ಒಣಗಿಸುವಾಗಲೇ ಉಪ್ಪು ಸೇರಿಸಿರುವುದುಂಟು, ಆದ್ದರಿಂದ ರುಚಿ ನೋಡಿದ ನಂತರವೇ ಉಪ್ಪು ಹಾಕಬೇಕು. ಅಂಗಡಿಯ ಬಾಟಲಿಯಲ್ಲಿ ಸಿಗುವ ಶರಬತ್ತಿನಲ್ಲಿ ಸಕ್ಕರೆ ವಿಪರೀತವಾಗಿರುವುದರಿಂದ ಈ ಕೆಲಸಕ್ಕೆ ಅದು ಬೇಡ. ಗ್ಲಾಸಿಗೆ ಐಸ್, 45 ಮಿ.ಲೀ. ಜಿನ್, 100 ಮಿ.ಲೀ. ಮುರುಗಲು ರಸ ಹಾಕಿ, ಮೇಲೆ ಸೋಡಾ ತುಂಬಿ, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸಿನಕಾಯಿ ಇಳಿಬಿಟ್ಟರೆ ಸಿದ್ಧ. ಮೆಣಸಿನಕಾಯಿ ಗ್ಲಾಸಿನಲ್ಲಿದ್ದಷ್ಟೂ ಖಾರ ಏರುವುದರಿಂದ, ನಿಧಾನವಾಗಿ ಕುಡಿಯುವವರು ಮೂರು ನಾಲ್ಕು ನಿಮಿಷಕ್ಕೇ ಅದನ್ನು ತೆಗೆದುಬಿಡಲಿ. ಜಿನ್ ಇಲ್ಲದೆಯೂ ಈ ಪಾನೀಯ ಪರಿಪೂರ್ಣವಾದದ್ದೇ, ಮತ್ತು ಮನೆಯ ಹಿರಿಯರು ಇಷ್ಟಪಡುವುದೂ ಅದನ್ನೇ.

ನಮ್ಮಲ್ಲಿ ಮಾರಾಟವಾಗುವ ರಮ್, ಜಿನ್‌ಗಳ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಎಂದು ನಮೂದಾಗಿರುತ್ತದೆ. ಶುಂಠಿ, ಹುಳಿಗಳ ಮರೆಯಲ್ಲಿ ಅದರ ಕಟುತನ ನಾಲಿಗೆಗೆ ಗೊತ್ತಾಗದೆ ಹೋಗುವುದರಿಂದ, ಕಣ್ಣಂದಾಜನ್ನು ಬಿಟ್ಟು ಅಳತೆಯ ಪೆಗ್‌ನಿಂದಲೇ ಹಾಕಬೇಕು. ಹಬ್ಬಕ್ಕೆ ಊರಿಗೆ ಬಂದು ಭಾನುವಾರ ರಾತ್ರಿ ಬೆಂಗಳೂರಿಗೆ ಕಾರು ಓಡಿಸಬೇಕಾದವರಿಗೆ ಮದ್ಯವಿಲ್ಲದ ಗ್ಲಾಸನ್ನೇ ಕೊಡಿ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಡಿ ಅಪರಾಧ. ನೆನೆಸಿ ಹಿಂಡಿದ ಮುರುಗಲು ಸಿಪ್ಪೆಗಳನ್ನು ಎಸೆಯಬೇಡಿ. ಎರಡು ಲೋಟ ನೀರಿನಲ್ಲಿ ಅವನ್ನು ಮತ್ತೆ ಕುದಿಸಿ, ಉಪ್ಪು, ಒಂದು ಚೂರು ಬೆಲ್ಲ, ಸೀಳಿದ ಹಸಿಮೆಣಸಿನಕಾಯಿ ಹಾಕಿ, ತುಪ್ಪದಲ್ಲಿ ಜೀರಿಗೆ ಮತ್ತು ಇಂಗಿನ ಒಗ್ಗರಣೆ ಕೊಟ್ಟರೆ ಸೋಮವಾರದ ಡಬ್ಬಿಯ ಅನ್ನಕ್ಕೆ ತಿಳಿಸಾರು ಆಗುತ್ತದೆ.