ಚಿರೆಕಲ್ಲಿನ ಸಂದಿಯಲ್ಲಿದ್ದ ಉಣುಗು

ನಮ್ಮ ನಾಯಿ ಕರಿಯನ ಮೈಗೆ ಉಣುಗು (ಉಣ್ಣಿ) ಹತ್ತಿದಾಗ ನಾವು ಮೊದಲು ದೂರಿದ್ದು ದರಕನ್ನು, ಅಂದರೆ ಒಣಗಿದ ಎಲೆಯನ್ನು. ಫೆಬ್ರವರಿಯಲ್ಲಿ ಬೆಟ್ಟದಿಂದ ದರಕು ತಂದು ಕೊಟ್ಟಿಗೆ ಪಕ್ಕ ರಾಶಿ ಹಾಕಿದ ವಾರದಲ್ಲೇ ಅವನು ಕಿವಿ ಕೊಡವಲು ಶುರು ಮಾಡಿದ್ದ. ಕಿವಿ ಮಡಚಿ ನೋಡಿದರೆ ಹರಳು ಬೀಜದಂತೆ ಉಬ್ಬಿದ ಬೂದು ಬಣ್ಣದ ಉಣುಗು. ಕಾಲ್ಬೆರಳಿನ ಸಂದಿಯಲ್ಲಿ ಎಳ್ಳಿನಂಥ ಮರಿಗಳು. ಶಿರಸಿ ಕಡೆಯವರಿಗೆ ಉಣುಗು ಅಂದರೆ ಮಂಗನ ಕಾಯಿಲೆಯ ಹೆದರಿಕೆ ಬೇರೆ. 1957ರಲ್ಲಿ ಆ ಕಾಯಿಲೆ ಮೊದಲು ಕಂಡ ಕ್ಯಾಸನೂರು ಕಾಡು ಪಕ್ಕದ ಸೊರಬದಲ್ಲೇ ಇದೆ, ಅಲ್ವಾ.

ಗಡಿಬಿಡಿಯಲ್ಲಿ ದಡ್ಡ ಕೆಲಸ ಮಾಡಿದೆ. ದನಕ್ಕೆ ಹಚ್ಚುವ ಉಣುಗಿನ ಔಷಧ, ಡೆಲ್ಟಾಮೆಥ್ರಿನ್ ಬಾಟಲಿ ಕೊಟ್ಟಿಗೆಯಲ್ಲಿತ್ತು. ಅಂದಾಜಿನ ಮೇಲೆ ನೀರಿಗೆ ಬೆರೆಸಿ ಕರಿಯನ ಮೈಗೆ ಹಚ್ಚಿಬಿಟ್ಟೆ. ಅವನಿಗೇನೂ ಆಗಲಿಲ್ಲ. ಆದರೆ ನಮ್ಮ ಬೆಕ್ಕು ಪುಟ್ಟಿ ರಾತ್ರಿ ಮಲಗುವುದು ಅವನ ಹೊಟ್ಟೆಗೆ ಅಂಟಿಕೊಂಡೇ. ಬೆಳಿಗ್ಗೆ ಆಯಿ ಕೂಗಿದಳು: "ತಮಾ, ಬೆಕ್ಕಿಗೆ ಎಂತಾತೋ? ನಡಗ್ತಾ ಇದ್ದಲೋ!" ಕಿವಿ ಪಟಪಟ ಅದುರುತ್ತಿತ್ತು, ಬಾಯಲ್ಲಿ ಜೊಲ್ಲು, ಹಿಂಗಾಲು ನಿಲ್ಲುತ್ತಿರಲಿಲ್ಲ. ಪಶುವೈದ್ಯರಿಗೆ ಫೋನ್ ಮಾಡಿದರೆ, ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿ, ತಕ್ಷಣ ತನ್ನಿ ಅಂದರು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಬದುಕಿತು. ಈ ಜಾತಿಯ ಔಷಧವನ್ನು ಕರಗಿಸಿ ಹೊರಹಾಕುವ ತಾಕತ್ತು ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆಯಂತೆ. ನಾಯಿಗೆ ಅಂತ ಮಾರುವ ಡ್ರಾಪ್ಸ್‌ನಲ್ಲಿ ಅದೇ ಜಾತಿಯ ಪರ್ಮೆಥ್ರಿನ್ ಇದ್ದರೂ ಇದೇ ಕಥೆ.

ಅದೇ ದಿನ ಬಾಟಲಿಯಲ್ಲಿ ಒಯ್ದಿದ್ದ ಉಣುಗನ್ನು ಡಾಕ್ಟರು ನೋಡಿದರು. ದರಕಿನದ್ದಲ್ಲ, ಇದು ನಾಯಿಯ ಕಂದು ಉಣುಗು, ಬೇರೆ ನಾಯಿಗಳಿಂದ ಬಂದು ಮನೆಯಲ್ಲೇ ಸಂಸಾರ ಹೂಡುವಂಥದ್ದು ಅಂದರು. ರಕ್ತ ಕುಡಿದು ತುಂಬಿದ ಹೆಣ್ಣು ನಾಯಿಯ ಮೈಯಿಂದ ಇಳಿದು ಗೋಡೆ ಸಂದಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಮ್ಮ ಜಗುಲಿ ಗೋಡೆ ಚಿರೆಕಲ್ಲಿನದು, ಗಿಲಾಯಿ ಉದುರಿ ಎಷ್ಟೋ ವರ್ಷ. ರಾತ್ರಿ ಟಾರ್ಚ್ ಹಿಡಿದು ನೋಡಿದೆ. ಕರಿಯ ಮಲಗುವ ಮೂಲೆಯಲ್ಲಿ ಗೋಡೆ ಹತ್ತುತ್ತಿದ್ದವು, ಸಾಲಾಗಿ.

ಕರಿಯನಿಗೆ ತೂಕ ನೋಡಿ ಅಫಾಕ್ಸೊಲನರ್ ಮಾತ್ರೆ ಕೊಟ್ಟರು, ತಿಂಗಳಿಗೊಂದು. ಫಿಟ್ಸ್ ಬರುವ ನಾಯಿಯಾದರೆ ಮೊದಲೇ ಹೇಳಬೇಕು. ಔಷಧ ರಕ್ತದಲ್ಲಿರುತ್ತದೆ, ಉಣುಗು ಕಚ್ಚಿದ ಮೇಲೇ ಸಾಯುವುದು. ಅದಕ್ಕೇ ಮಾತ್ರೆ ಕೊಟ್ಟ ಮೇಲೂ ಮೈಮೇಲೆ ಒಂದೆರಡು ಕಂಡರೆ ಗಾಬರಿ ಬೇಡ. ಕಂಡದ್ದನ್ನು ಚಿಮುಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರ ಎಳೆದು ಸೋಪಿನ ನೀರಿಗೆ ಹಾಕುತ್ತಿದ್ದೆ. ಸೀಮೆಎಣ್ಣೆ, ಬೀಡಿ ಬೆಂಕಿ ಯಾವುದೂ ಬೇಡ. ಉಗುರಲ್ಲಿ ಕುಟ್ಟುವುದಂತೂ ಬೇಡವೇ ಬೇಡ.

ಜಾಸ್ತಿ ಬೆವರು ಹರಿದದ್ದು ಗೋಡೆಗೆ. ಅವನ ಗೋಣಿಚೀಲ ಸುಟ್ಟೆ. ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಕೆರೆದು, ಸಿಮೆಂಟು ತುಂಬಿದೆ. ಒಂದೇ ಮಾತ್ರೆಗೆ ನಿಲ್ಲಿಸಿದ್ದರೆ ಗೋಡೆಯಲ್ಲಿದ್ದ ಮೊಟ್ಟೆ ಒಡೆದು ಮತ್ತೆ ಮೊದಲಿನಿಂದ ಆಗುತ್ತಿತ್ತು. ಮೂರು ತಿಂಗಳು ಬಿಡದೆ ಕೊಟ್ಟೆ. ಕರಿಯ ಊಟ ಬಿಟ್ಟರೆ, ಮೂಗಲ್ಲಿ ರಕ್ತ ಬಂದರೆ ಒಂದು ದಿನವೂ ಕಾಯಬೇಡಿ ಅಂದಿದ್ದರು, ಉಣುಗು ಜ್ವರದ ಲಕ್ಷಣ ಅದು. ಪುಣ್ಯಕ್ಕೆ ಅದು ಬರಲಿಲ್ಲ.

ಪುಟ್ಟಿಯದು ಇನ್ನೊಂದು ಗೋಳು. ಅದರ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಅಂಟಿತ್ತು. ಆಯಿ ಅನ್ನ ಅಂದುಕೊಂಡು ಒರೆಸಿದಳು, ಅದು ಮಿಸುಕಿತು. ಲಾಡಿಹುಳುವಿನ ತುಂಡು. ಮೈ ನೆಕ್ಕುವಾಗ ಚಿಗಟ ನುಂಗಿದರೆ ಬರುವಂಥದ್ದು. ಹಾಗಾಗಿ ಹುಳುವಿಗೆ ಪ್ರಾಜಿಕ್ವಾಂಟೆಲ್ ಮಾತ್ರೆ, ಚಿಗಟಕ್ಕೆ ಬೆಕ್ಕಿನದೇ ಫಿಪ್ರೊನಿಲ್ ಡ್ರಾಪ್ಸ್, ನಾಲಿಗೆ ಎಟುಕದಂತೆ ಕತ್ತಿನ ಹಿಂದೆ. ಡ್ರಾಪ್ಸ್ ಸುಲಭ. ಮಾತ್ರೆಯನ್ನು ಬೆಣ್ಣೆಯಲ್ಲಿ ಸುತ್ತಿ ಕೊಟ್ಟೆ, ಗುಳುಕ್ ಅಂದಿತು. ಮರುದಿನ ಕಸ ಗುಡಿಸುವಾಗ ಅಕ್ಕಿ ಡಬ್ಬದ ಹಿಂದೆ ಮಾತ್ರೆ ಸಿಕ್ಕಿತು. ಬೆಣ್ಣೆ ಮಾತ್ರ ಇರಲಿಲ್ಲ.